ಶರಣೆ ಕೊಟ್ರವ್ವನ ಹೋಳಿಗೆ

ಒಲೆಗೆ ಬೆಂಕಿ ತೋರಿಸುವ ಮೊದಲು ಪುಸ್ತಕದ ಒಂದು ಪುಟ ಓದುವುದು ನನ್ನ ಪದ್ಧತಿ. ಸ್ನಾನ, ಲಿಂಗಪೂಜೆ, ಆಮೇಲೆ ಪುಟ. ಜ್ವರ ಬಂದಿರಲಿ, ಬೀಗರು ಬಂದಿರಲಿ, ತಪ್ಪಿಸಿದವಳಲ್ಲ. ಪುಸ್ತಕವೆಂದರೆ ರಟ್ಟು ಕಳೆದುಕೊಂಡ ಶಿವಶರಣರ ಕಥೆ. ತನ್ನ ಹೆಸರೇನೆಂದು ಅದಕ್ಕೇ ಮರೆತುಹೋಗಿದೆ. ನಾನು ಶಾಲೆಯ ಕಟ್ಟೆ ಹತ್ತಿದವಳಲ್ಲ. ಬೆಲ್ಲ ಕಟ್ಟಿಕೊಟ್ಟ ಕಾಗದ ಬಿಡಿಸಿ ಬಿಡಿಸಿ ಅಕ್ಷರ ಕಲಿತವಳು. (ನನ್ನ ಸಹಪಾಠಿಗಳೆಲ್ಲ ಇರುವೆಗಳು.) ಅಕ್ಷರ ಕೂಡಿಸಿ ಕೂಡಿಸಿ ಓದುವ ನಾನು ಆ ದಪ್ಪ ಪುಸ್ತಕದ ಅರ್ಧಕ್ಕೂ ಬಂದಿರಲಿಲ್ಲ. ಅಷ್ಟರಲ್ಲಿ ಅಕ್ಷರಗಳು ಒಂದೊಂದಾಗಿ ಮಜ್ಜಿಗೆಯಲ್ಲಿ ಮುಳುಗತೊಡಗಿದವು. ದೀಪದ ಸುತ್ತ ಬಳೆ ಮೂಡಿತು. ಆಕಾಶದಲ್ಲಿ ಚಂದ್ರನಿಗೆ ತಮ್ಮಂದಿರು ಹುಟ್ಟಿಕೊಂಡರು.

ನಮ್ಮನೆಯವರು (ಹೆಸರು ನಾನು ಹೇಳುವಂತಿಲ್ಲ, ಬಾಗಿಲ ತಗಡಿನ ಮೇಲೆ ಶಿವಮೂರ್ತಪ್ಪ ಎಂದಿದೆ, ಓದಿಕೊಳ್ಳಿ) ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತರು. ಅವರು ತಕ್ಷಣ ನೇತ್ರರಕ್ಷಣಾ ಮಹಾಯಜ್ಞ ಹೂಡಿದರು. ಕಣ್ಣಿಗೆ ಜೇನುತುಪ್ಪ ಬಿಟ್ಟರು. ಈರುಳ್ಳಿ ರಸ ಬಿಟ್ಟರು. ನಾನು ಅಂಗಳದ ತುಂಬ ಕುಣಿದೆ. ಪಕ್ಕದ ಮನೆಯ ರಹೀಮುನ್ನೀಸಾ, ಮಂಡಕ್ಕಿ ಭಟ್ಟಿಯವಳು, ಗೋಡೆಯ ಮೇಲಿಂದ ಇಣುಕಿದಳು.

"ಅಕ್ಕಾ, ಇನ್ನೊಂಚೂರು ಉಪ್ಪು ಖಾರ ಬಿಟ್ರೆ ನಿನ್ ಕಣ್ಣು ಒಗ್ಗರಣೆ ಮಂಡಕ್ಕಿ ಆಗತೈತೆ. ಮೊದ್ಲು ಡಾಕ್ಟ್ರಿಗೆ ತೋರ್ಸು."

ಡಾಕ್ಟರು ಟಾರ್ಚು ಬಿಟ್ಟು ನೋಡಿ ಹೇಳಿದರು: "ಇದು ಪೊರೆ ತಾಯಿ. ವಯಸ್ಸಾದಂತೆ ಕಣ್ಣೊಳಗಿನ ಗಾಜು ಬೆಳ್ಳಗಾಗತ್ತೆ. ಬಾರದ ಹಾಗೆ ತಡೆಯೋಕೂ ಆಗಲ್ಲ, ಹೊರಗಿಂದ ಏನು ಬಿಟ್ಟರೂ ಕರಗಲ್ಲ. ಈರುಳ್ಳಿ ಬಿಟ್ಟರೆ ಇರೋ ಕಣ್ಣೂ ಹೋಗತ್ತೆ. ಬಲಿತ ಮೇಲೆ ಆಪರೇಷನ್ ಮಾಡಿ ತೆಗೀಬೇಕು, ಅಷ್ಟೆ."

"ಬಲಿಯೋದು ಯಾವಾಗ್ರಿ?" ಎಂದು ನಮ್ಮನೆಯವರು ಅವರೆಕಾಯಿ ಕೇಳುವವರಂತೆ ಕೇಳಿದರು.

"ಚಳಿಗಾಲಕ್ಕೆ ಹರಿಹರದ ಛತ್ರದಲ್ಲಿ ಕಣ್ಣಿನ ಶಿಬಿರ ಇದೆ. ಕರಕೊಂಡು ಬನ್ನಿ."

"ನಾ ಒಲ್ಲೆ," ಎಂದೆ. ಕಣ್ಣಿನ ಹತ್ತಿರ ಕತ್ತಿ ಬರುವುದೆಂದರೇನು! ಮನೆಗೆ ಬಂದು ಹಟ ಹಿಡಿದು ಕೂತೆ. ಆದರೆ ಮರುದಿನ ಬೆಳಗಾಯಿತಲ್ಲ, ಪುಟ? ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಸವರುತ್ತಿದ್ದೆ. ನಮ್ಮನೆಯವರು ಅದನ್ನು ಮೆಲ್ಲಗೆ ಕಿತ್ತುಕೊಂಡರು.

"ನೀ ಕೂಡು. ನಾ ಓದ್ತೀನಿ."

ಮೊದಮೊದಲು ಗಿರಣಿಯ ಭೋಂಗಾ ಕೂಗಿದಂತೆ ಓದಿದರು. ಆಮೇಲಾಮೇಲೆ ದನಿಗೆ ಒಂದು ಹದ ಬಂತು. ಆಗ ಕಥೆಯೊಳಗೆ ಒಬ್ಬಳು ಬಂದಳು, ಶರಣೆ ಕೊಟ್ರವ್ವ. ಅವಳೇನೂ ಪವಾಡ ಮಾಡಿದವಳಲ್ಲ. ಕಣ್ಣು ಮಂಜಾಗಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುವಳು. ಗಂಡ ಒಂದೂ ಮಾತಾಡದೆ ಉಂಡು, ಕೊಡ ನೀರು ಕುಡಿಯುವನು. ಒಂದು ದಿನವಂತೂ ಗೂಟಕ್ಕೆ ನೇತುಹಾಕಿದ ಗಂಡನ ಅಂಗಿಗೆ, "ಏಳ್ರಿ, ರೊಟ್ಟಿ ಆರತಾವೆ" ಎಂದು ಕರೆದೂ ಕರೆದು, ಅಂಗಿ ಏಳಲಿಲ್ಲವೆಂದು ಮುನಿಸಿಕೊಂಡಳಂತೆ! ಅವಳಿಗೆ ನಾಚಿಕೆಯಾಗಬಾರದೆಂದು ಗಂಡ ಸದ್ದಿಲ್ಲದೆ ಅಂಗಿಯ ಹಿಂದೆ ಹೋಗಿ ನಿಂತು, "ಬಂದೆ" ಎಂದನಂತೆ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಅಯ್ಯ, ಎಂಥ ಪೆದ್ದಿರಿ ಅವಳು! ಆದ್ರೆ ಗಂಡ ಅಂದ್ರೆ ಹಂಗಿರಬೇಕು. ನೀವೂ ಅದೀರಿ."

ನಮ್ಮನೆಯವರು ಪುಟ ತಿರುವಿದ ಸಪ್ಪಳ ಕೇಳಿಸಿತು.

ಕೊಟ್ರವ್ವನ ಕಥೆ ನನ್ನ ಬಾಯಿಂದ ಗೋಡೆ ದಾಟಿ, ರಹೀಮುನ್ನೀಸಾಳ ಭಟ್ಟಿಯಲ್ಲಿ ಬಿಸಿಯಾಗಿ ಓಣಿಗೆಲ್ಲ ಹಂಚಿಹೋಗುತ್ತಿತ್ತು. ನನಗೋ, ಅವಳದೇ ಹಂಬಲ. ಕೇಳಿದ್ದು ಸಾಲದು. ಅವಳ ಹೆಸರಿನ ಮೇಲೆ ಬೆರಳಿಟ್ಟು, ಕೊ, ಟ್ರ, ವ್ವ ಎಂದು ನಾನೇ ಕೂಡಿಸಿ ಓದಬೇಕು. ಹಾಗೆ ಓದಿದರೆ ಅವಳ ಪಕ್ಕದಲ್ಲಿ ಹೋಗಿ ಕೂತಂತೆ.

ಚಳಿ ಶುರುವಾದಾಗ ಕಥೆ ಒಂದು ಕಡೆ ತಿರುಗಿತು. ಕೊಟ್ರವ್ವನ ಕಣ್ಣಲ್ಲೂ ಪೊರೆ! ಜೇನು ಬಿಟ್ಟಳು, ಹೋಗಲಿಲ್ಲ. ಈರುಳ್ಳಿ ಬಿಟ್ಟಳು, ಉರಿಯಿತು. ಕೊನೆಗೆ ಹರಿಹರದ ಹೊಳೆದಂಡೆಯಲ್ಲಿ ಒಬ್ಬ ವೈದ್ಯ ಅದನ್ನು ತೆಗೆದು ಬೆಳಕು ಕೊಟ್ಟನಂತೆ.

"ಹರಿಹರದಾಗಾ?"

"ಹೂಂ. ಇಲ್ಲೇ ಐತಲ್ಲ."

"ಹಂಗಾದ್ರೆ ನಡೀರಿ. ಕಣ್ಣು ಬಂದ ಕೂಡ್ಲೆ ನಾ ಮೊದ್ಲು ಓದೋದು ಈ ಪುಟಾನೇ. ಮೂಲೆ ಮಡಚಿಡ್ರಿ."

ಅವರಿಗೆ ಕೆಮ್ಮು ಬಂತು. ಬಹಳ ಹೊತ್ತು ಬಂತು. ಆಮೇಲೆ ಮಡಚಿದರು. ನಾನು ಅಲ್ಲಿಗೇ ಬಿಡದೆ ಅಂಗಳಕ್ಕೆ ಬಂದು, ಕಣ್ಣು ಬಂದರೆ ಕೊಟ್ರವ್ವನ ಹೆಸರಿನಲ್ಲಿ ಓಣಿಗೆಲ್ಲ ಹೋಳಿಗೆ ಊಟ ಎಂದು ಓಣಿಗೆ ಕೇಳುವ ಹಾಗೆ ಹರಕೆ ಹೊತ್ತೆ.

ಹರಿಹರದ ಛತ್ರದಲ್ಲಿ ಆಪರೇಷನ್ ಆಯಿತು. ಕತ್ತಿಯ ಭಯ ಕತ್ತಿಗಿಂತ ದೊಡ್ಡದಾಗಿತ್ತು, ಅಷ್ಟೆ. ಆಮೇಲಿನದೇ ಕಷ್ಟ. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಆ ಕಡೆ ಈ ಕಡೆ ಮರಳಿನ ಚೀಲ. ಹೊರಳಬಾರದು, ಕೆಮ್ಮಬಾರದು, ನಗಬಾರದು ಎಂದು ನರ್ಸಮ್ಮನ ಕಟ್ಟಪ್ಪಣೆ. ನಮ್ಮನೆಯವರು ಪಕ್ಕದಲ್ಲಿ ಕೂತಿದ್ದರು. ಕತ್ತಲಲ್ಲಿ ಹೊಳೆಯ ಸದ್ದು ಕೇಳುತ್ತಿತ್ತು, ಗುಡಿಯ ಗಂಟೆ ಕೇಳುತ್ತಿತ್ತು. ನನಗೆ ಹೊಳೆ ನೋಡುವ ಆಸೆಯೂ ಇರಲಿಲ್ಲ.

"ಮಡಚಿದ ಮೂಲೆ ಬಿಚ್ಚಿಲ್ಲ ತಾನೆ?"

"ಮೊದ್ಲು ನಿನ್ ಪಟ್ಟಿ ಬಿಚ್ಚಲಿ."

"ಒಂಚೂರು ಕೊಟ್ರವ್ವನ ಮಾತು ಹೇಳ್ರಿ."

"ನಗ್ತಿ. ಬ್ಯಾಡ." ಅವರ ದನಿ ಯಾಕೋ ಒದ್ದೆಯಾಗಿತ್ತು. ಥಂಡಿ ಇರಬೇಕು ಎಂದುಕೊಂಡೆ.

ಗಾಯ ಮಾಗಿದ ಮೇಲೆ ಕನ್ನಡಕ ಬಂತು. ಸೋಡಾ ಬಾಟಲಿಯ ತಳ ಕಿತ್ತು ಮಾಡಿದಂಥದು. ಅದರಲ್ಲಿ ನಮ್ಮನೆಯವರ ಮೀಸೆ ಕಸಬರಿಗೆಯಷ್ಟಿತ್ತು. ಅದನ್ನು ನೋಡುತ್ತ ನಿಲ್ಲಲು ನನಗೆ ಪುರುಸೊತ್ತಿಲ್ಲ. ಸ್ನಾನ, ಪೂಜೆ, ಪುಸ್ತಕ. ಮಡಚಿದ ಮೂಲೆ ಬಿಡಿಸಿ ಬೆರಳಿಟ್ಟೆ.

ಅಲ್ಲಿ ಯಾರೋ ಶರಣರು ಸೌದೆ ಕಡಿಯುತ್ತಿದ್ದರು. ಹಿಂದಿನ ಪುಟದಲ್ಲೂ ಸೌದೆ. ಮುಂದೆ ತಿರುವಿದೆ. ಮಧ್ಯಾಹ್ನವಾಯಿತು. ಒಲೆ ತಣ್ಣಗಿತ್ತು. ಕೊಟ್ರವ್ವ ಎಲ್ಲೂ ಇರಲಿಲ್ಲ. ಹತ್ತಿರದವರು ಯಾರೋ ಹೇಳದೆ ಊರು ಬಿಟ್ಟುಹೋದಂತೆ ಎದೆ ಭಾರವಾಯಿತು. ತಲೆ ಎತ್ತಿದೆ.

ಎದುರಿಗೆ, ಅಡುಗೆಮನೆಯ ಬಾಗಿಲ ಪಕ್ಕದ ಗೂಟದಲ್ಲಿ, ನಮ್ಮನೆಯವರ ಗಿರಣಿಯ ಕೋಟು ತೂಗುತ್ತಿತ್ತು. ಸರಿಯಾಗಿ ಅವರ ಹೆಗಲಿನ ಎತ್ತರಕ್ಕೆ.

"ಏಳ್ರಿ, ರೊಟ್ಟಿ ಆರತಾವೆ." ನನ್ನದೇ ದನಿ ನನಗೆ ನೆನಪಾಯಿತು. ಕೈ ಬಾಯಿಗೆ ಹೋಯಿತು.

ನಮ್ಮನೆಯವರು ಬಾಗಿಲಲ್ಲೇ ನಿಂತಿದ್ದರು.

"ಉಪ್ಪು?" ಎಂದೆ.

"ದಿನಾಲೂ ಅಲ್ಲ," ಎಂದರು.

"ಬಾಯಿ ಬಿಟ್ಟು ಹೇಳಬಾರದಿತ್ತೇನ್ರಿ?"

"ನಾ ಹೇಳಿದ್ರೆ ನೀ ಹರಿಹರಕ್ಕೆ ಬರತಿದ್ದ್ಯಾ? ಪುಸ್ತಕದಾಗಿನವರ ಮಾತಾದ್ರೆ ಕೇಳತಿ ಅಂತ..."

ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಮೇಲೆ ರಹೀಮುನ್ನೀಸಾ ಹಾಜರು. "ಅಕ್ಕಾ! ಕಣ್ಣು ಬಂತಲ್ಲ, ಕೊಟ್ರವ್ವನ ಹೋಳಿಗೆ ಯಾವಾಗ? ಓಣೆಲ್ಲ ಬಾಯಿ ತೊಳಕೊಂಡು ಕೂತೈತೆ!"

ಹರಕೆ ಹರಕೆಯೇ. ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಓಣಿಗೆಲ್ಲ ಎಲೆ ಹಾಕಿದೆ. ಉಣ್ಣುತ್ತ ಹೆಂಗಸರು ಒಂದೇ ಸಮನೆ ನೆನೆದರು. "ಅಂಗೀನ ಊಟಕ್ಕೆ ಕರದ್ಲಂತೆ, ಎಂಥ ಪೆದ್ದಿ ಇದ್ದಾಳು!" "ಆದ್ರೂ ಅಂಥ ಗಂಡ ಸಿಗಬೇಕಲ್ಲವ್ವ!" ನಾನು ಅವರೊಡನೆ ನಗುತ್ತ, ಆ ಪೆದ್ದಿಯ ಪುಣ್ಯಸ್ಮರಣೆಗೆ ಎಲೆಯಿಂದೆಲೆಗೆ ತುಪ್ಪ ಬಡಿಸಿದೆ. ನಮ್ಮನೆಯವರು ಮಾತ್ರ ತಲೆ ಎತ್ತದೆ ಬಹಳ ಹೋಳಿಗೆ ಉಂಡರು.

ಮರುದಿನ ಬೆಳಗ್ಗೆ ನನ್ನ ಪುಟ ನಾನೇ ಓದಿದೆ. ಶರಣರು ಸೌದೆ ಕಡಿದು ಮುಗಿಸಿದ್ದರು. ಒಳ್ಳೆಯ ಕಥೆ. ಆದರೂ ಪುಟದ ಕೊನೆಗೆ ಬಂದಾಗ, ಯಾರೋ ಬರಬೇಕಿತ್ತು, ಬರಲಿಲ್ಲ ಅನಿಸಿತು.

ನಮ್ಮನೆಯವರು ಮೆಲ್ಲಗೆ ಬಂದು ಎದುರಿಗೆ ಕೂತರು. "ತಪ್ಪಾತು. ಆ ಕನ್ನಡಕ ನಿನ್ ಮೂಗಿಗೆ ಭಾರ. ಪುಸ್ತಕ ಕೊಡು. ಇನ್ ಮ್ಯಾಲೆ ಇದ್ದದ್ದನ್ನ ಇದ್ದಂಗೆ ಓದ್ತೀನಿ."

ನಾನು ಪುಸ್ತಕ ಮುಚ್ಚಿದೆ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡೆ. ಅವರು ಮತ್ತೆ ಮಂಜಾದರು. ಒಲೆಗೆ ಇನ್ನೂ ಬೆಂಕಿ ತೋರಿಸಿರಲಿಲ್ಲ. ಅವರ ದನಿ ಬಂದ ಕಡೆಗೆ ಮುಖ ಮಾಡಿ, ಸರಿಯಾಗಿ ಚಕ್ಕಳಮಕ್ಕಳ ಹಾಕಿ ಕೂತು ಹೇಳಿದೆ:

"ಬ್ಯಾಡ್ರಿ. ಇದ್ದದ್ದನ್ನ ನಾನೇ ಓದ್ಕೊಂತೀನಿ. ನೀವು ಇಲ್ಲದ್ದನ್ನ ಓದ್ರಿ."