ಬೆನ್ನ ಮೇಲೆ ಸುಳಿ ಇದ್ದ ಹಡಗು

ಎತ್ತು ಆರಿಸುವುದರಲ್ಲಿ ನನಗೆ ಸರಿಸಮಾನರು ಯಾರೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಹೇಳುವತನಕ ಕಾಯುವಷ್ಟು ಪುರುಸೊತ್ತು ನನಗಿಲ್ಲ.

ಗಜೇಂದ್ರಗಡದ ದನದ ಸಂತೆಯಲ್ಲಿ ದಲಾಲಿ ಮಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು. ಸಾಲಿ ಮೂರನೇ ಇಯತ್ತೆಗೆ ಮುಗಿಯಿತು. ಆದರೆ ಎತ್ತಿನ ಬಾಯಿ ತೆರೆದು ಹಲ್ಲು ನೋಡಿದರೆ ಸಾಕು, ಅದರ ವಯಸ್ಸು, ಅದರ ಸ್ವಭಾವ, ಅದನ್ನು ಸಾಕಿದವನ ಸ್ವಭಾವ, ಎಲ್ಲ ಹೇಳಿಬಿಡುತ್ತೇನೆ. ರೋಣದವರು, ನರಗುಂದದವರು ಬಂದು, "ನಿಂಗಪ್ಪಣ್ಣ, ಒಂದು ಜೋಡಿ ಆರಿಸಿಕೊಡು" ಎಂದು ಕೈ ಹಿಡಿಯುತ್ತಾರೆ. ಯಾರಿಗಾದರೂ ಅನುಮಾನವಿದ್ದರೆ ಅವರನ್ನು ನಮ್ಮ ದನದ ಹಟ್ಟಿಗೆ ಕರೆದೊಯ್ದು ನಮ್ಮ ಎತ್ತು ರಾಮನನ್ನು ತೋರಿಸುತ್ತೇನೆ. ಅಂಥ ನಡಿಗೆ, ಅಂಥ ಗುಣ ಸುತ್ತಲಿನ ಊರುಗಳಲ್ಲಿ ಇಲ್ಲ. ದೃಷ್ಟಿ ತಾಗೀತೆಂದು ನನ್ನ ಹೆಂಡತಿ ಶಂಕ್ರವ್ವ ಅದರ ಬೆನ್ನಿಗೆ ಹಗಲೂ ರಾತ್ರಿ ಒಂದು ಜೂಲದ ಬಟ್ಟೆ ಹೊದಿಸಿ, ಹೊಟ್ಟೆಯ ಕೆಳಗೆ ಗಂಟು ಹಾಕಿರುತ್ತಾಳೆ. ಅದರ ಮೈ ತೊಳೆಯುವವಳೂ ಅವಳೇ, ಮೇವು ಹಾಕುವವಳೂ ಅವಳೇ. ಸಂತೆಯ ದೊಡ್ಡ ದಲಾಲಿ ಮನೆಯಲ್ಲಿ ಸೆಗಣಿ ಬಳಿಯುವುದುಂಟೇ?

ಇಂಥವನಿಗೆ ಎರಡು ಹಡಗುಗಳಲ್ಲಿ ಒಂದನ್ನು ಆರಿಸು ಎಂದರೆ ಅದೇನು ದೊಡ್ಡ ಕೆಲಸ? ನಾನೂ ಹಾಗೆಯೇ ತಿಳಿದಿದ್ದೆ.

ಹಡಗಿನ ಸುದ್ದಿ ತಂದವಳು ಮೇಘಾ, ನನ್ನ ಮಗಳ ಮಗಳು. ಅಪ್ಪ-ಅವ್ವ ಪುರ್ತಗೇರಿಯಲ್ಲಿ ಹೊಲ ಮಾಡಿಕೊಂಡಿದ್ದಾರೆ. ಆದರೆ ಹುಡುಗಿ ಸಾಲಿ ಕಲಿತದ್ದು, ಹಟ ಹಿಡಿದದ್ದು, ರೊಟ್ಟಿ ಬಡಿದದ್ದು ಎಲ್ಲ ನಮ್ಮ ಮನೆಯಲ್ಲಿ. ಈಗ ಅವಳು ಕೆರಿಬಿಯನ್ ಸಮುದ್ರದಲ್ಲಿ ಜನರನ್ನು ವಿಹಾರಕ್ಕೆ ಕರೆದೊಯ್ಯುವ ಕಂಪನಿಯಲ್ಲಿ, ಹಡಗಿನ ಅಡುಗೆಮನೆಯಲ್ಲಿ ಬ್ರೆಡ್ಡು, ಕೇಕು ಬೇಯಿಸುತ್ತಾಳೆ. ಹೋದ ರಜೆಗೆ ಏನೋ ತರಬೇತಿ ಎಂದು ಊರಿಗೆ ಬರಲಿಲ್ಲ. ಅಂದಿನಿಂದ ಶಂಕ್ರವ್ವ ಫೋನಿನಲ್ಲಿ ಅವಳ ಮುಖ ಮೂಡಿದಾಗಲೆಲ್ಲ ಗಾಜನ್ನು ಸೆರಗಿನಿಂದ ಒರೆಸಿ ಒರೆಸಿ, "ಇದರಾಗ ಹುಡುಗಿ ಗಲ್ಲ ಸವರಾಕ ಆಗೂದಿಲ್ಲಲ್ರಿ" ಎನ್ನುತ್ತಿದ್ದಳು. ನನಗೂ ಹಾಗೆಯೇ ಅನಿಸುತ್ತಿತ್ತು. ಗಂಡಸು, ಹೇಳಲಿಲ್ಲ.

ಒಂದು ಸಂಜೆ ಮೇಘಾಳ ಫೋನು ಬಂತು. ಅವಳ ಕಡೆ ಆಗ ಬೆಳಗು.

"ಅಜ್ಜಾ, ಆಯಿನ್ನ ಕರಿ ಲಗೂ. ಕಂಪನಿಯವ್ರು ಮನಿಮಂದಿಗೆ ಪಾಸ್ ಕೊಟ್ಟಾರ. ನೀವಿಬ್ರೂ ಬಂದು ಒಂದು ವಾರ ಹಡಗಿನ್ಯಾಗ ಇರಬಹುದು."

ಆಯಿ ಎಂದರೆ ಶಂಕ್ರವ್ವ. ಅವಳನ್ನು ಕರೆಯಬೇಕಾಗಲಿಲ್ಲ. ಅವಳು ಆಗಲೇ ನನ್ನ ಭುಜದ ಮೇಲಿಂದ ಇಣುಕಿ, ನನ್ನ ಕಿವಿಯೊಳಗೇ ಅಳತೊಡಗಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕಾಲಲ್ಲಿ ಒಂದೇ ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಹೋಗಿ ಸುಮ್ಮನೆ ತಿರುಗಿ ಬಂದೆ.

"ಎರಡು ಹಡಗು ಅದಾವ ಅಜ್ಜಾ. ಒಂದು ಹಳೇದು, ಒಂದು ಹೊಸದು. ಹಳೇದು ಸಣ್ಣದು, ಶಾಂತ. ದೊಡ್ಡ ಹಡಗು ಹೋಗಲಾರದ ಸಣ್ಣ ಸಣ್ಣ ದ್ವೀಪಕ್ಕ ಹೋಗತೈತಿ. ಹೊಸದು ಅಂದ್ರ ಒಂದು ಊರಿದ್ದಂಗ. ಭಾಳ ಗದ್ದಲ, ನಡದ ನಡದ ಕಾಲು ನೋಯ್ತಾವ. ಆದ್ರ ಅಜ್ಜಾ, ನಾನು..."

"ಸಾಕು, ಸಾಕು. ಮಾರಾವರ ಬಾಯಿ ಕೇಳಬಾರದು, ದನದ ಬಾಯಿ ನೋಡಬೇಕು. ಫೋಟೋ ಕಳಸು. ಮುಂದಿಂದು ನಿಮ್ಮಜ್ಜನ ಕೆಲಸ."

"ನಾ ಏನು ಮಾರಾಕ ಬಂದೀನೇನು? ಮೊದ್ಲ ನಾ ಹೇಳೂದು..."

"ಏನೂ ಹೇಳಬ್ಯಾಡ. ಹೇಳಿದ್ರ ನನ್ನ ಕಣ್ಣು ಕೆಡತೈತಿ."

ಇದು ಸಂತೆಯ ಕಾಯಿದೆ. ಮಾಲೀಕ ಹೊಗಳಲು ಶುರು ಮಾಡಿದರೆ ನಾನು ಕಿವಿಗೆ ಟವೆಲ್ ಸುತ್ತಿಕೊಳ್ಳುವವನು. ಮೇಘಾ ನಕ್ಕುಬಿಟ್ಟಳು. "ಆತಪಾ, ನೀನ ಆರಿಸು. ಹುಬ್ಬಳ್ಳಿ ಏಜೆಂಟರು ಶುಕ್ರವಾರ ಫೋನ್ ಮಾಡ್ತಾರ. ಅವತ್ತ ಸಂಜಿ ಐದರೊಳಗ ಹೇಳಲಿಲ್ಲಂದ್ರ ಪಾಸ್ ಬ್ಯಾರೇದವ್ರಿಗೆ ಹೋಗತೈತಿ. ಹಡಗು ಈಗ ನಡೂ ಸಮುದ್ರಕ್ಕ ಹೊಂಟೈತಿ, ಇನ್ನ ನಂದು ಫೋನ್..."

ಅಷ್ಟಕ್ಕೆ ಅವಳು ಬಾಯಿ ತೆರೆದಲ್ಲೇ ನಿಂತುಹೋದಳು. ನೆಟ್‌ವರ್ಕ್ ಹೋಗಿತ್ತು.

"ಹುಡುಗಿ ಏನೋ ಹೇಳಾಕ ಹತ್ತಿದ್ಲು" ಎಂದಳು ಶಂಕ್ರವ್ವ.

"ಆಕಿ ಹೇಳೂದೇನು, ನಾ ನೋಡೂದೇನು? ನೀ ಸುಮ್ಮನಿರು."

ಸುಮ್ಮನಾದಳು. ಅವಳು ಸುಮ್ಮನಾದರೆ ಒಪ್ಪಿದಳು ಎಂದು ನಾನು ತಿಳಿಯುತ್ತ ಬಂದಿದ್ದೇನೆ.

ಮರುದಿನ ಹುಬ್ಬಳ್ಳಿ ಏಜೆಂಟರ ನಂಬರಿನಿಂದ ಫೋಟೋಗಳು ಬಂದವು. ನಾನು ಕನ್ನಡಕ ಏರಿಸಿ ತಪಾಸಣೆಗೆ ಕುಳಿತೆ. ಹಳೆಯ ಹಡಗು ತಗ್ಗಾಗಿತ್ತು, ಮೂತಿ ಚೂಪಾಗಿತ್ತು, ಬಣ್ಣ ಅಲ್ಲಲ್ಲಿ ಮಾಸಿತ್ತು. ಬಾಯಿಗೂಡಿದ ಎತ್ತು. ಅಂದರೆ ಹಲ್ಲೆಲ್ಲ ಬಂದು, ದಾರಿ ತಿಳಿದು, ಇನ್ನು ಹಾಯದು, ಒದೆಯದು ಎನ್ನುವಂಥದ್ದು. ಹೊಸದು ನಮ್ಮ ಗಜೇಂದ್ರಗಡದ ಕೋಟೆ ಗುಡ್ಡವನ್ನು ಕಿತ್ತು ನೀರಲ್ಲಿ ಇಟ್ಟಂತಿತ್ತು. ಅಂತಸ್ತಿನ ಮೇಲೆ ಅಂತಸ್ತು. ಮೈಯೇನೋ ಮಿರಮಿರ ಮಿಂಚುತ್ತಿತ್ತು. ಆದರೆ ಇನ್ನೂ ಎರಡೇ ಹಲ್ಲಿನ ಹೋರಿ. ಯಾವಾಗ ಬೆದರೀತೋ, ಯಾರು ಬಲ್ಲರು?

ಫೋಟೋವನ್ನು ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ.

ಹೊಸ ಹಡಗಿನ ಬೆನ್ನ ಮೇಲೆ ಸುಳಿ ಇತ್ತು.

ಎತ್ತಿನ ಮೈಮೇಲೆ ಕೂದಲು ಚಕ್ರದಂತೆ ಸುತ್ತಿದ್ದರೆ ಅದು ಸುಳಿ. ಕೆಲವು ಜಾಗದಲ್ಲಿದ್ದರೆ ಒಳ್ಳೆಯದು, ಕೆಲವು ಜಾಗದಲ್ಲಿದ್ದರೆ ಕೇಡು. ಬೆನ್ನ ನಡುವಿನ ಸುಳಿಯಂತೂ ಒಡೆಯನನ್ನು ನೆಲಕ್ಕೆ ಕೆಡವದೆ ಬಿಡುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ. ಈ ಹಡಗಿನ ಬೆನ್ನಿನ ಮೇಲೆ ಸರಿಯಾಗಿ ನಡುವೆ, ಹಳದಿ ಬಣ್ಣದಲ್ಲಿ, ಮೂರು ಸುತ್ತು ಸುತ್ತಿದ ಸುಳಿ! ಅದನ್ನು ಮುಚ್ಚಿಡುವ ನಾಚಿಕೆ ಕೂಡ ಕಂಪನಿಯವರಿಗೆ ಇರಲಿಲ್ಲ.

ಶಂಕ್ರವ್ವನನ್ನು ಕರೆದು ತೋರಿಸಿದೆ. "ನೋಡು. ಇದರ ಮ್ಯಾಲೆ ಹತ್ತಿ ಹೋದ್ರ ನಾವು ಹುಡುಗಿನ್ನ ನೋಡೂದು ಹಂಗಿರ್ಲಿ, ಹುಡುಗಿ ನಮ್ಮ ಫೋಟೋಕ್ಕ ಮಾಲಿ ಹಾಕಬೇಕಾಕ್ಕೈತಿ."

"ಅದು ಕಬ್ಬಿಣದ್ದೋ ಏನೋ ಇರಬೇಕ್ರಿ. ಕೂದಲಾ ಅದು?"

"ಸುಳಿ ಅಂದ್ರ ಸುಳಿ."

ಅವಳು ಒಂದು ಸಲ ಹಟ್ಟಿಯ ಕಡೆ ನೋಡಿದಳು, ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ಶೇಂಗಾ ಹುರಿಯಲು ಎದ್ದು ಹೋದಳು. ಶೇಂಗಾ ಹೋಳಿಗೆ ಮಾಡಿ, ಅದು ಎಷ್ಟು ದಿನ ಕೆಡದೆ ಇರುತ್ತದೆ ಎಂದು ಪರೀಕ್ಷೆ ಮಾಡುತ್ತಿದ್ದಳು, ಮೊಮ್ಮಗಳಿಗೆ ಒಯ್ಯಲು. ಪರೀಕ್ಷೆ ಎಂದ ಕೂಡಲೇ ನನಗೂ ಹೊಳೆಯಿತು. ಹೂಡಿ ನೋಡದೆ ಎತ್ತು ಕೊಳ್ಳಬಾರದು. ಹಳೆಯದು ನೀರಿನಲ್ಲಿ ಹೇಗೆ ನಡೆಯುತ್ತದೆ, ಹೊಸದು ಹೇಗೆ ನಡೆಯುತ್ತದೆ, ಖುದ್ದು ಹತ್ತಿ ನೋಡಲೇಬೇಕು.

ಶುಕ್ರವಾರ ಮಧ್ಯಾಹ್ನ ಬಸ್ಸು ಹಿಡಿದು ಜಕ್ಕಲಿಗೆ ಹೋದೆ. ಅಲ್ಲಿ ನನ್ನ ದೋಸ್ತ ಬಸಪ್ಪ ಇದ್ದಾನೆ, ಅವನೂ ಸಂತೆಯ ದಲಾಲಿ. ಅವನ ಹೊಲದಲ್ಲಿ ಒಂದು ಕೃಷಿ ಹೊಂಡ ಇದೆ. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ನಿಲ್ಲಿಸಿದ್ದಾನೆ. ಹೊಸ ಹಡಗಿಗೆಂದು ದನಕ್ಕೆ ನೀರಿಡುವ ಅವನ ಹೊಸ ಪ್ಲಾಸ್ಟಿಕ್ ಬಾನಿ, ಹಳೆಯ ಹಡಗಿಗೆಂದು ಅವರ ಮುತ್ತಜ್ಜನ ಕಾಲದ, ಮದುವೆಗೆ ಸಾರು ಕಾಯಿಸುವ ತಾಮ್ರದ ಕೊಪ್ಪರಿಗೆ. ಎರಡನ್ನೂ ದಡಕ್ಕೆ ತಂದೆವು.

"ನಿಂಗ್ಯಾ, ನಿನಗ ಈಜು ಬರತೈತೇನಲೇ?" ಎಂದ ಬಸಪ್ಪ.

"ಹಡಗು ಹತ್ತಾವ್ರಿಗೆ ಈಜು ಯಾಕ ಬೇಕು? ಈಜು ಬರಲಾರದವ್ರ ಹಡಗು ಹತ್ತೂದು."

ಬಸಪ್ಪ ಬಾನಿಯನ್ನು ನೀರಿಗೆ ತಳ್ಳಿದ. ಮೊದಲು ಹೊಸ ಬಾನಿಯೊಳಗೆ ಒಂದು ಕಾಲು ಇಟ್ಟೆ. ಇನ್ನೊಂದು ಕಾಲು ಇಡುವಷ್ಟರಲ್ಲಿ ಅದು ಮಗುಚಿ ನನ್ನ ತಲೆಯ ಮೇಲೆ ಕುಳಿತಿತ್ತು. ದಡದ ಹತ್ತಿರ ಮೊಣಕಾಲುದ್ದ ನೀರು, ಬದುಕಿದೆ. "ನೋಡಿದಿ? ಎರಡು ಹಲ್ಲಿನ ಹೋರಿ" ಎಂದೆ.

ಕೊಪ್ಪರಿಗೆಯ ಹಿಡಿಕೆಯ ಬಳೆಗೆ ಹಗ್ಗ ಕಟ್ಟಿ, ತುದಿಯನ್ನು ಬಸಪ್ಪನ ಕೈಗೆ ಕೊಟ್ಟು ಒಳಗೆ ಕುಳಿತೆ. ಗಂಟು ನಾನೇ ಹಾಕಿದ್ದು. ಏನು ಹೇಳಲಿ, ಕೊಪ್ಪರಿಗೆ ಮಹಾರಾಜನ ಪಲ್ಲಕ್ಕಿಯಂತೆ ತೇಲಿತು. ಅಲುಗಾಟವಿಲ್ಲ, ಕುಲುಕಾಟವಿಲ್ಲ. "ಹಳೇದು ಅಂದ್ರ ಹಳೇದು" ಎಂದು ಕೈ ಬೀಸಿದೆ. ಬಸಪ್ಪ ಹಗ್ಗ ಎಳೆದ. ಹಗ್ಗ ಅವನ ಕಡೆಗೆ ಹೋಯಿತು. ಕೊಪ್ಪರಿಗೆ ಹೋಗಲಿಲ್ಲ.

ಗಂಟು ಬಿಚ್ಚಿತ್ತು. ನಮ್ಮ ಕಡೆಯ ಗಾಳಿ ಗೊತ್ತಲ್ಲ, ಗುಡ್ಡದ ಮೇಲಿನ ದೊಡ್ಡ ದೊಡ್ಡ ಫ್ಯಾನುಗಳನ್ನು ತಿರುಗಿಸುವ ಗಾಳಿ. ಅದಕ್ಕೆ ನಾನೊಬ್ಬ ಯಾವ ಲೆಕ್ಕ? ಕೊಪ್ಪರಿಗೆ ಗರಗರ ತಿರುಗುತ್ತ ಹೊಂಡದ ನಡುವಿಗೆ ಹೊರಟಿತು. ಒಮ್ಮೆ ಬಸಪ್ಪ ಕಾಣುತ್ತಿದ್ದ, ಒಮ್ಮೆ ಅವನ ಬದನೆ ಗಿಡ. ಬಸಪ್ಪ ಹಗ್ಗ ಎಸೆದ, ಮುಟ್ಟಲಿಲ್ಲ. ಮತ್ತೆ ಎಸೆದ. ಹಗ್ಗ ಪೂರ್ತಿ ನೀರಿಗೇ ಹೋಯಿತು. ಅಡಿಯಲ್ಲಿ ಎಷ್ಟು ಆಳ ಎಂದು ಕೇಳಬೇಕೆನಿಸಿತು. ಕೇಳಲು ಧೈರ್ಯ ಬರಲಿಲ್ಲ. ಬಸಪ್ಪ ಜನರನ್ನು ಕರೆತರಲು ಓಡಿದ.

ಆಗ ಎದೆಯ ಕಿಸೆಯಲ್ಲಿ ಫೋನು ರಿಂಗಾಯಿತು. ಹುಬ್ಬಳ್ಳಿ ಏಜೆಂಟರು.

"ಅಜ್ಜಾರ, ಹಡಗಿಂದು ಏನ್ ಮಾಡಿದ್ರಿ?"

"ಒಂದೀಟ ತಡೀರಿ. ಈಗ ಹಡಗಿನ್ಯಾಗ ಅದೀನಿ."

"ಯಾವ ಹಡಗಿನ್ಯಾಗ್ರಿ?"

"ಹಳೇದರಾಗ."

"ಅಂದ್ರ ಹಳೇದ ಬರ್ಕೊಳ್ಳಲೇನ್ರಿ?"

"ಬರ್ಕೋರಿ. ನಿಂಗಪ್ಪನ ಮಾತು ಒಂದ ಸಲ. ಕೊಟ್ಟ ಮಾತು ತಿರುಗಿ ತಗೊಂಡಿದ್ದ ಇಲ್ಲ. ಬೇಕಾದ್ರ ಸಂತ್ಯಾಗ ಕೇಳ್ರಿ."

ಇಷ್ಟು ಗಂಭೀರವಾದ ಮಾತನ್ನು ಕುಳಿತು ಹೇಳಬಾರದೆಂದು ಸ್ವಲ್ಪ ಏಳಲು ಹೋದೆ. ಕೊಪ್ಪರಿಗೆ ವಾಲಿತು. ಮತ್ತೆ ಕುಳಿತೆ.

ಕೊನೆಗೆ ನನ್ನನ್ನು ದಡ ಮುಟ್ಟಿಸಿದ್ದು ಬಸಪ್ಪನೂ ಅಲ್ಲ, ಅವನು ಕರೆತಂದ ಮಂದಿಯೂ ಅಲ್ಲ. ಕರೆದೊಯ್ದ ಗಾಳಿಯೇ ಆಚೆ ದಡಕ್ಕೆ ತಂದು ಬಿಟ್ಟಿತು. ಇಳಿಯಲು ಕಾಲಿಟ್ಟೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿತ್ತು. ಜಕ್ಕಲಿಯ ಮಂದಿ ಎಲ್ಲ ನೋಡುತ್ತಿರುವಾಗ, ನಾನು ಕುಳಿತ ಭಂಗಿಯಲ್ಲೇ ಜಾರಿ ಸೊಂಟದತನಕ ನೀರಿಗೆ ಇಳಿದೆ.

ಮನೆ ಮುಟ್ಟಿದಾಗ ಐದಕ್ಕೆ ಸ್ವಲ್ಪವೇ ಹೊತ್ತಿತ್ತು. ಧೋತರ ಇನ್ನೂ ಒಣಗಿರಲಿಲ್ಲ, ಆದರೆ ಮನಸ್ಸು ಉಬ್ಬಿತ್ತು. "ಆರಿಸಿದೆ" ಎಂದು ಶಂಕ್ರವ್ವನಿಗೆ ಹೇಳುತ್ತಿದ್ದಂತೆ ಮೇಘಾಳ ಫೋನು ಬಂತು. ಅವಳ ಹಡಗು ಬಂದರಿಗೆ ಬಂದಿತ್ತು.

"ಯಾವ್ದು ಆರಿಸಿದಿ ಅಜ್ಜಾ?"

"ಹಳೇದು."

ಹುಡುಗಿಯ ಮುಖ ನೋಡುತ್ತಿದ್ದಂತೆ ಬಾಡಿತು. "ಚಲೋ ಆತು ಬಿಡು. ನಿಮಗ ಅದ ಆರಾಮ ಆಕ್ಕೈತಿ" ಎಂದು ನಕ್ಕಳು. ಆ ನಗೆ ನನಗೆ ಗೊತ್ತು. ಸಣ್ಣವಳಿದ್ದಾಗ ಬಿದ್ದು ಮೊಣಕಾಲು ಒಡೆದುಕೊಂಡರೂ ಹೀಗೆಯೇ ನಗುತ್ತಿದ್ದಳು.

ಶಂಕ್ರವ್ವ ಫೋನು ಕಸಿದುಕೊಂಡಳು. "ಮೇಘವ್ವಾ, ನೀ ಯಾವ ಹಡಗಿನ್ಯಾಗ ಇರ್ತಿ?"

"ಹೊಸದರಾಗ, ಆಯಿ. ಅವತ್ತ ಅದನ್ನ ಹೇಳಾಕ ಹತ್ತಿದ್ದೆ. ಸಮುದ್ರ ನೋಡೂದಿದ್ರ ಹಳೇದು, ನನ್ನ ನೋಡೂದಿದ್ರ ಹೊಸದು ಅಂತ. ಅಜ್ಜ ಮಾತಾಡಾಕ ಬಿಡಲಿಲ್ಲ. ಅವಗ ಸಮುದ್ರ ನೋಡೂ ಆಸೆ ಇರಬೇಕು ಅಂದ್ಕೊಂಡೆ."

ಹಲ್ಲು ನೋಡಿದ್ದೆ, ಮೂತಿ ನೋಡಿದ್ದೆ, ಬೆನ್ನು ನೋಡಿದ್ದೆ, ಜಕ್ಕಲಿಯ ಹೊಂಡದಲ್ಲಿ ಪ್ರಾಣ ಪಣಕ್ಕಿಟ್ಟು ನಡಿಗೆ ನೋಡಿದ್ದೆ. ನನ್ನ ಮೊಮ್ಮಗಳು ಯಾವುದರ ಹೊಟ್ಟೆಯೊಳಗೆ ಇದ್ದಾಳೆ ಎಂಬುದೊಂದನ್ನು ಬಿಟ್ಟು.

ಏಜೆಂಟರಿಗೆ ಫೋನು ಹಚ್ಚಿದೆ. ಲೈನು ಬಿಜಿ. ಮತ್ತೆ ಹಚ್ಚಿದೆ. ಗೋಡೆಯ ಗಡಿಯಾರ ಐದರ ಹತ್ತಿರ ಬರುತ್ತಿತ್ತು. ಅದನ್ನು ನಿಲ್ಲಿಸಿದರೆ ಹುಬ್ಬಳ್ಳಿಯದೂ ನಿಂತೀತೇ ಎನ್ನುವ ವಿಚಾರ ಕೂಡ ಬಂತು. ಶಂಕ್ರವ್ವ ಮಾತ್ರ ಹೋಳಿಗೆಯ ಡಬ್ಬಿ ಒರೆಸುತ್ತ ಕುಳಿತಿದ್ದಳು. ಮೂರನೆಯ ಸಲಕ್ಕೆ ಫೋನು ಎತ್ತಿದರು.

"ಸಾಹೇಬ್ರ, ಮಾತು ತಿರುಗಿ ತಗೋತೀನ್ರಿ. ಕಾಲಿಗೆ ಬೀಳ್ತೀನಿ. ಹೊಸದು ಮಾಡ್ರಿ."

ಕೊಪ್ಪರಿಗೆಯಲ್ಲಿ ಕುಳಿತು ಹೇಳಿದ್ದ ಗಂಭೀರ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

"ಗಾಬ್ರಿ ಆಗಬ್ಯಾಡ್ರಿ ಅಜ್ಜಾರ. ನಾ ಇನ್ನೂ ಕಳಿಸಿಲ್ರಿ. 'ನಮ್ಮವ್ರು ಏನ ಹೇಳಿದ್ರೂ ಐದು ಹೊಡಿಯೂತನಕ ಕಳಿಸಬ್ಯಾಡ್ರಿ' ಅಂತ ಮುಂಜಾನೇನ ನಿಮ್ಮ ಮನಿ ಅಮ್ಮಾರ ಫೋನ್ ಬಂದಿತ್ತು."

ಹೊಸದಕ್ಕೆ ನಮ್ಮ ಹೆಸರು ಹೋಯಿತು. ಮೇಘಾ ಆ ಕಡೆ ಕುಣಿದಳು. ನಾನು ಈ ಕಡೆ, ಹಸಿ ಧೋತರದಲ್ಲಿ, ಕಣ್ಣು ಒರೆಸಿಕೊಂಡೆ. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಆದ್ರ ಅದರ ಬೆನ್ನ ಮ್ಯಾಲೆ ಸುಳಿ ಐತೆಲ್ಲವ್ವಾ?"

"ಅದು ಹುಡುಗ್ರು ನೀರಾಗ ಜಾರೂ ಪೈಪು, ಅಜ್ಜಾ. ನೀ ಬಾ, ಮೊದ್ಲ ನಿನ್ನ ಅದರಾಗ ಜಾರಸ್ತೀನಿ."

ಜಾರಿ ಅಭ್ಯಾಸವಾಗಿದೆ ಎಂದು ನಾನು ಹೇಳಲಿಲ್ಲ.

ಫೋನು ಇಟ್ಟ ಮೇಲೆ ಶಂಕ್ರವ್ವನ ಎದುರು ಕುಳಿತೆ. "ಇದು ಯಾವಾಗಿಂದ ನಡದೈತಿ?"

"ಯಾವ್ದು?"

"ನಾ ಮಾತು ಕೊಟ್ಟಲ್ಲಿ ಹಿಂದಿಂದ ಫೋನ್ ಮಾಡೂದು."

"ಫೋನು ಈಗ ಬಂದಾವ್ರಿ. ಮೊದ್ಲ ನಡಕೊಂಡ ಹೋಗ್ತಿದ್ನಿ."

"ಎಲ್ಲಿಗೆ?"

"ಸಂತಿಗೆ" ಎಂದು ಅವಳು ಒಂದು ಹೋಳಿಗೆ ಮುರಿದು, ವಾಸನೆ ನೋಡಿ, ಕೆಟ್ಟಿಲ್ಲವೆಂದು ನನ್ನ ಕೈಗೆ ಕೊಟ್ಟಳು.

ನಾನು ಹೋಳಿಗೆ ಹಿಡಿದುಕೊಂಡೇ ಹಟ್ಟಿಗೆ ಹೋದೆ. ರಾಮ ಮೆಲುಕು ಹಾಕುತ್ತ ನಿಂತಿದ್ದ. ಏಳೆಂಟು ವರ್ಷಗಳ ಹಿಂದೆ ನಾನು ಸಂತೆಯಲ್ಲಿ ಎರಡು ಬಿಳಿ ಎತ್ತು ನೋಡಿ, ಒಂದನ್ನು ಬೆನ್ನ ಸುಳಿ ಕೆಟ್ಟದ್ದೆಂದು ಬಿಟ್ಟು, ಇನ್ನೊಂದನ್ನು ಮನೆಗೆ ಕಳಿಸಲು ಹೇಳಿ ಬಂದಿದ್ದೆ. ಮರುದಿನ ಎತ್ತು ಜೂಲ ಹೊದ್ದುಕೊಂಡೇ ಮನೆಗೆ ಬಂದಿತ್ತು. ಹೊಟ್ಟೆಯ ಕೆಳಗಿನ ಗಂಟು ಬಿಚ್ಚಿದೆ. ಜೂಲ ಎತ್ತಿದೆ.

ಬೆನ್ನ ನಡುವೆ, ಸರಿಯಾಗಿ ನಡುವೆ, ರೂಪಾಯಿಯಷ್ಟು ದೊಡ್ಡ ಸುಳಿ.

ರಾಮ ತಿರುಗಿ ನನ್ನನ್ನು ನೋಡಿದ. ನಾನು ಅತ್ತ ಇತ್ತ ನೋಡಿದೆ. ಯಾರೂ ಇರಲಿಲ್ಲ. ಅರ್ಧ ಹೋಳಿಗೆ ಅವನಿಗೆ ತಿನ್ನಿಸಿ, ಜೂಲವನ್ನು ಮತ್ತೆ ಹೊದಿಸಿ, ಈ ಸಲ ಗಂಟನ್ನು ಚೆನ್ನಾಗಿ ಬಿಗಿದು ಬಂದೆ.