ಸರಿಯುವ ಸೊನ್ನೆ

ಕಬಕದ ನಮ್ಮ ಪುಟ್ಟ ಲ್ಯಾಬಿನಲ್ಲಿ ತಲೆಬಿಸಿಗೂ ನಗೆಗೂ ಬರಗಾಲ ಬಂದದ್ದಿಲ್ಲ. ಒಂದಕ್ಕೆ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ತಯಾರಾಗಿರುತ್ತದೆ.

೧. ಗಿರಾಕಿ

ಪುನರ್ಪುಳಿ ಹಣ್ಣಿನ ಸಾರವನ್ನು ಗಲ್ಫಿಗೆ ಕಳಿಸುವ ಬ್ಯಾರಿ ಸಾಹುಕಾರರೊಬ್ಬರಿಗೆ, ಈ ವರ್ಷದ ಮಾಲು ಕಳೆದ ವರ್ಷದಂಥದ್ದೇ ಎಂಬ ಪ್ರಮಾಣಪತ್ರ ಬೇಕಿತ್ತು. ಅದಿಲ್ಲದೆ ಮಾಲು ಹಡಗು ಹತ್ತುವುದಿಲ್ಲ. ನಮ್ಮ ಒಂದು ಯಂತ್ರ ಸಾರವನ್ನು ದ್ರಾವಕದಲ್ಲಿ ಓಡಿಸಿ ಬಿಡಿಬಿಡಿ ಮಾಡುತ್ತದೆ. ಅದಕ್ಕೆ ಜೋಡಿಸಿದ ಎನ್‌ಎಂಆರ್ ಯಂತ್ರ ಪ್ರತಿ ಅಂಶಕ್ಕೂ ಅದರದೇ ಗೆರೆಗಳನ್ನು ತೋರಿಸುತ್ತದೆ. ಗೆರೆ ಎಲ್ಲಿದೆ ಎಂದು ನಾವು ಅಳೆಯುವುದು ದ್ರಾವಕದ ಗೆರೆಯಿಂದ; ನಮಗೆ ಅದೇ ಸೊನ್ನೆ ಇದ್ದ ಹಾಗೆ. ದ್ರಾವಕವೋ, ನೀರು ಮತ್ತು ಅಸಿಟೋನೈಟ್ರೈಲಿನ ಬೆರಕೆ. ಹದ ಬದಲಾದರೆ ಆ ಸೊನ್ನೆಯೇ ಸರಿಯುತ್ತದೆ. ಈ ವರ್ಷ ಹದ ಬದಲಾಗಿತ್ತು.

ಸಾಹುಕಾರರು ಎರಡೂ ವರ್ಷದ ಚಿತ್ರ ನೋಡಿದರು. "ಗೆರೆ ಹಳೇ ಜಾಗದಲ್ಲಿ ಇಲ್ಲವಲ್ಲ ಮೇಡಂ?"

"ಮಾಲು ಅದೇ. ಬೆರಕೆ ಬೇರೆ ಆದ ಕಾರಣ ಸರಿದದ್ದು."

"ಹಾಗಾದ್ರೆ ಹಳೇ ಜಾಗದಲ್ಲೇ ಬರೆದು ಕೊಡಿ. ನನ್ನದು ಎಂತ ತಕರಾರೂ ಇಲ್ಲ."

೨. ಗಂಡ

ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದ ನಮ್ಮ ಹೆಡ್ಡಾಫೀಸಿನ ತಜ್ಞರು ವರದಿಯನ್ನು ಎರಡು ಸಲ ತಿರುಗಿಸಿ ಕಳಿಸಿದರು: ಗೆರೆಗಳು ಸರಿದಿವೆ, ಆದ್ದರಿಂದ ಮಾಲು ಬೇರೆ. ನನಗೆ ಸಾಕುಬೇಕಾಗಿ ಹೋಯಿತು. ಮನೆಗೆ ಬಂದು ಕೂತರೆ ಗಂಡ ಕೇಳಿದರು, "ಎಂತ ಮಾರಾಯ್ತಿ, ಮುಖ ಹೀಗೆ?"

"ಸೊನ್ನೆ ಸರಿದಿದೆ."

"ಸೊನ್ನೆ ಅಲ್ವಾ? ಸರಿದ್ರೂ ಎಷ್ಟು ಅಂತ ಸರಿದೀತು?"

ಅವರು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು.

೩. ತಜ್ಞರು

ಕೊನೆಗೆ ತಜ್ಞರು ತಾವೇ ಹೊರಟರು. ಅವರಿಗೆ ಫೋನಿನಲ್ಲಿ ದಾರಿ ಹೇಳಿದ್ದು, ಅವಸರದಲ್ಲಿದ್ದ ಸಾಹುಕಾರರು. "ಕಬಕದಲ್ಲಿ ಮೀನಿನ ಟೆಂಪೋ ನಿಂತಿರ್ತದೆ ಸಾರ್. ಅದರ ಎದುರಿನ ರಸ್ತೆ."

ಅಂದು ಟೆಂಪೋ ಬೇಗ ಹೊರಟಿತ್ತು. ತಜ್ಞರಿಗೆ ಅದು ಕಂಡದ್ದು ಕಬಕ ಕಳೆದು ಪುತ್ತೂರೂ ದಾಟಿದ ಮೇಲೆ. ಎದುರಿನ ರಸ್ತೆಗೆ ಇಳಿದರೆ ಯಾರದೋ ದನದ ಹಟ್ಟಿ. ಕಾರು ತಿರುಗಿಸಿ ಬರುವಷ್ಟರಲ್ಲಿ ಟೆಂಪೋ ಮುಂದಿನ ಊರಲ್ಲಿ ನಿಂತಿತ್ತು. ಅಲ್ಲಿಯೂ ಎದುರಿಗೊಂದು ರಸ್ತೆ ಇತ್ತು. ಹೀಗೆ ಕಡಬ ಮುಟ್ಟುವಾಗ ಮೀನು ಖಾಲಿ, ಅವರ ತಾಳ್ಮೆಯೂ ಖಾಲಿ.

ಮಧ್ಯಾಹ್ನ ಮೀರಿ ಲ್ಯಾಬಿಗೆ ಬಂದವರ ಮುಖ ನೋಡುವ ಹಾಗಿರಲಿಲ್ಲ. ಲ್ಯಾಬಿನಲ್ಲೇ ಕಾದು ಕೂತಿದ್ದ ಸಾಹುಕಾರರು ಮರುಕದಿಂದಲೇ ಕೇಳಿದರು, "ಅಷ್ಟು ದೂರ ಹಿಂದೆಯೇ ಹೋಗಿ ಒಂದು ಬಂಗುಡೆಯೂ ತರಲಿಲ್ವಾ ಸಾರ್?"

ತಜ್ಞರು ನನ್ನ ಕಡೆ ತಿರುಗಿದರು. "ಓಡಾಡುವ ಗಾಡಿಯನ್ನು ಯಾರಾದರೂ ಗುರುತು ಅಂತ ಇಟ್ಟುಕೊಳ್ತಾರೇನ್ರೀ? ಅದು ಸರಿದರೆ ಊರೇ ಬೇರೆ ಆಗಿಬಿಡುತ್ತಾ?"

ನಾನು ವರದಿಯ ಕೊನೆಯ ಪುಟ ಅವರ ಮುಂದಿಟ್ಟೆ. ಎರಡೂ ವರ್ಷದ ಮಾಲನ್ನು ಒಂದೇ ಬೆರಕೆಯಲ್ಲಿ ಓಡಿಸಿದ ಚಿತ್ರ. ಗೆರೆಯ ಮೇಲೆ ಗೆರೆ ಕೂತಿತ್ತು.

"ಎರಡು ಸಲವೂ ನಾನು ಬರೆದದ್ದು ಅದನ್ನೇ ಸರ್."

ಅವರು ಪ್ರಮಾಣಪತ್ರವನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಪೆನ್ನು ಕೇಳಿದರು.