ಡ್ರ್ಯಾಗನ್ ಗೊಂಬೆಯ ಹೆಸರು ತಿದ್ದುಪಡಿಯ ಬಗ್ಗೆ

ಮಾನ್ಯ ಓದುಗರಲ್ಲಿ ವಿನಮ್ರ ವಿನಂತಿ. ನಾನು ಬಂಟ್ವಾಳದಲ್ಲಿ ಹದಿನೆಂಟು ವರ್ಷಗಳಿಂದ ಅರ್ಜಿ ಬರೆದು ಜೀವನ ಸಾಗಿಸುತ್ತಿರುವವನು. ಪಹಣಿಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇರುವವರು ಬಂದು ಕುಳಿತರೆ, ತಿದ್ದುಪಡಿಯ ಅರ್ಜಿಯನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಅರ್ಜಿಯಲ್ಲದ ಬರಹ ಇದೇ ಮೊದಲು. ಲೋಪಗಳಿದ್ದಲ್ಲಿ ಮನ್ನಿಸಬೇಕು. ವಿಷಯವೇ ನನ್ನ ಲೋಪವಾಗಿರುವುದರಿಂದ ಅವು ಇದ್ದೇ ಇರುತ್ತವೆ.

ಪ್ರಕರಣದ ಹಿನ್ನೆಲೆ ಹೀಗಿದೆ. ನನ್ನ ಹೆಂಡತಿ ಶಶಿಕಲಾಳ ಅಣ್ಣನ ಮನೆ ತೋಡಾರಿನಲ್ಲಿದೆ. ಅಣ್ಣನ ಮಗಳು ಶ್ರೇಯಾಳಿಗೆ ಹನ್ನೆರಡು ವರ್ಷ. ಅವಳ ಬಳಿ ಅಂಗೈಯಷ್ಟು ಎತ್ತರದ ನೀಲಿ ಡ್ರ್ಯಾಗನ್ ಗೊಂಬೆಯೊಂದಿದೆ. ಟಿವಿಗೆ ಜೋಡಿಸಿದ ವಿಡಿಯೋ ಗೇಮಿನ ಪುಟ್ಟ ಪೀಠದ ಮೇಲೆ ಅದನ್ನು ಇಟ್ಟ ಕೂಡಲೇ ಪೀಠ ಬೆಳಗುತ್ತದೆ, ಡ್ರ್ಯಾಗನ್ ಟಿವಿಯೊಳಗೆ ಜೀವ ತಳೆದು ಹಾರಾಡುತ್ತದೆ. ಆಟದಲ್ಲಿ ಗಳಿಸಿದ ಬಲವೆಲ್ಲ ಗೊಂಬೆಯ ಪಾದದೊಳಗೇ ದಾಖಲಾಗುವುದರಿಂದ, ಯಾರ ಮನೆಯ ಪೀಠದ ಮೇಲಿಟ್ಟರೂ ಬಲ ಜೊತೆಗೇ ಬರುತ್ತದೆ. ಎರಡು ವರ್ಷ ಆಡಿ ಶ್ರೇಯಾ ತನ್ನ ಡ್ರ್ಯಾಗನನ್ನು ಇಪ್ಪತ್ತನೇ ಹಂತಕ್ಕೆ ತಂದಿದ್ದಳು. ಅದರ ಮೇಲೆ ಹಂತವಿಲ್ಲ.

ನಮ್ಮ ಮನೆಯಲ್ಲಿಯೂ ಅದೇ ಆಟ ಇದೆ. ಆದರೆ ಗೊಂಬೆ ಒಂದು ಆಮೆ ಮಾತ್ರ. ದಸರಾ ರಜೆಯಲ್ಲಿ ಒಂದು ವಾರಕ್ಕಾದರೂ ಡ್ರ್ಯಾಗನ್ ಬೇಕೆಂದು ನನ್ನ ಮಗಳು ಧನ್ಯಾ ಹಟ ಹಿಡಿದ ಪ್ರಯುಕ್ತ, ನಾನು ಖುದ್ದಾಗಿ ತೋಡಾರಿಗೆ ಹೋದೆ.

“ಮಾವ, ಜಾಗ್ರತೆ ಆಯ್ತಾ? ನಾನು ಇದನ್ನು ಯಾರಿಗೂ ಕೊಟ್ಟದ್ದೇ ಇಲ್ಲ,” ಎಂದಳು ಶ್ರೇಯಾ.

“ನನ್ನ ಜವಾಬ್ದಾರಿ ಮಗಾ. ಹೇಗೆ ಉಂಟೋ ಹಾಗೆಯೇ ವಾಪಸ್ ತರ್ತೇನೆ.”

ಮಗು ನಂಬಿತು!

ಮರುದಿನ ಶಶಿಕಲಾ ಮತ್ತು ಧನ್ಯಾ ಸಿದ್ಧಕಟ್ಟೆಗೆ ಒಂದು ಗೃಹಪ್ರವೇಶಕ್ಕೆ ಹೋದರು. ಮನೆಯಲ್ಲಿ ನಾನೊಬ್ಬನೇ. ಡ್ರ್ಯಾಗನ್ ಹಾರುವುದನ್ನು ಒಮ್ಮೆ ನೋಡೋಣವೆಂದು ಪೀಠದ ಮೇಲಿಟ್ಟೆ. ಆಗ ಪರದೆಯ ಮೇಲೆ ಕಂಡ ಒಂದು ಸಾಲು ನನ್ನ ಮನಸ್ಸಿಗೆ ತೀವ್ರ ಕಳವಳ ಉಂಟುಮಾಡಿತು. ಒಡೆಯರ ಹೆಸರು: ಚಿನ್ನು!

ಚಿನ್ನು ಎಂಬುದು ಶ್ರೇಯಾಳನ್ನು ಮನೆಯವರು ಕರೆಯುವ ಹೆಸರು. ಮುದ್ದಿನ ಹೆಸರನ್ನು ದಾಖಲೆಗೆ ಹಾಕಿಸಿದವರು ಮುಂದೆ ಪಡುವ ಪಾಡನ್ನು ನಾನು ದಿನವೂ ನೋಡುತ್ತೇನೆ. ಗೊಂಬೆ ಹಿಂತಿರುಗಿಸುವ ಮುನ್ನ ಹೆಸರನ್ನು ಸರಿಪಡಿಸಿ, ಮಗುವಿಗೆ ಒಂದು ಉಪಕಾರ ಮಾಡುವುದು ಮಾವನಾದ ನನ್ನ ಕರ್ತವ್ಯವೆಂದು ಭಾವಿಸಿದೆ.

ಹೆಸರಿನ ಸಾಲನ್ನು ಆರಿಸಿ ಗುಂಡಿ ಒತ್ತಿದಾಗ, ಈಗಿರುವ ವಿವರಗಳನ್ನು ಅಳಿಸಬಹುದೇ ಎಂದು ಯಂತ್ರ ಕೇಳಿತು. ಹೆಸರು ಬದಲಾಗಬೇಕಾದರೆ ಹಳೆಯ ವಿವರ ಅಳಿಸಲೇಬೇಕಲ್ಲ? ಹೌದು ಎಂದೆ. ಖಚಿತವೇ ಎಂದು ಕೇಳಿತು. ಹೌದು ಎಂದೆ. ಮತ್ತೊಮ್ಮೆ ಕೇಳಿತು. ಎಂತಹ ಶಿಸ್ತು! ಆ ಯಂತ್ರದ ಬಗ್ಗೆ ನನಗೆ ಗೌರವ ಮೂಡಿತು. ಹೌದು ಎಂದೆ.

ಬಳಿಕ ಹೆಸರು ಬರೆಯಲು ಜಾಗ ಕೊಟ್ಟಿತು. ತಂದೆಯ ಹೆಸರು, ಗ್ರಾಮಕ್ಕೆ ಜಾಗ ಸಾಲಲಿಲ್ಲ. ಶ್ರೇಯಾ ಎಂದಷ್ಟೇ ನಮೂದಿಸಿ ತೃಪ್ತನಾದೆ. ಆದರೆ ಪರದೆಯ ಮೇಲೆ ರೆಕ್ಕೆ ಬಿಚ್ಚಿ ಹಾರಾಡುತ್ತಿದ್ದ ಡ್ರ್ಯಾಗನ್ ಇರಲಿಲ್ಲ. ಕೋಳಿಮರಿಯಂತಹದ್ದೊಂದು ನಿಂತು ಆಕಳಿಸುತ್ತಿತ್ತು. ಪಕ್ಕದಲ್ಲಿ ಒಂದನೇ ಹಂತ ಎಂದು ಬರೆದಿತ್ತು.

ಹೆಸರು ಸರಿಯಾಗಿತ್ತು. ಆಸ್ತಿ ಮಾತ್ರ ಇರಲಿಲ್ಲ!

ಸಂಜೆ ಧನ್ಯಾ ಪರದೆ ನೋಡಿ ಚೀರಿದಳು.

“ಅಪ್ಪಾ! ಎಂತ ಮಾಡಿದ್ದು ನೀವು?”

“ಹೆಸರು ತಿದ್ದುಪಡಿ.”

“ಯಾರು ಅರ್ಜಿ ಕೊಟ್ಟದ್ದು ನಿಮಗೆ?” ಎಂದಳು ಶಶಿಕಲಾ, ಸೀರೆಯ ಪಿನ್ ತೆಗೆಯುತ್ತಾ.

“ಚಿನ್ನು ಇನ್ನು ನನ್ನ ಹತ್ತಿರ ಮಾತಾಡ್ಲಿಕ್ಕೇ ಇಲ್ಲ,” ಎಂದು ಧನ್ಯಾ ಕೋಣೆಯ ಬಾಗಿಲು ಹಾಕಿಕೊಂಡಳು.

ಹಿಂತಿರುಗಿಸುವ ಭಾನುವಾರಕ್ಕೆ ಐದು ದಿನಗಳಿದ್ದವು. ನಾನು ಕಳೆದದ್ದನ್ನು ನಾನೇ ಗಳಿಸಿ ಕೊಡುವುದೆಂದು ತೀರ್ಮಾನಿಸಿ, ದಿನವೂ ಕೆಲಸದಿಂದ ಬಂದವನೇ ಟಿವಿಯ ಮುಂದೆ ಕುಳಿತೆ. ಕೋಳಿಮರಿ ಹೊಂಡಕ್ಕೆ ಬಿದ್ದಿತು. ಎಬ್ಬಿಸಿದೆ. ಪುನಃ ಅದೇ ಹೊಂಡಕ್ಕೆ ಬಿದ್ದಿತು.

“ಒಮ್ಮೆ ಕೊಂದದ್ದು ಸಾಕಾಗ್ಲಿಲ್ವಾ ಮಾರಾಯ್ರೆ? ಇನ್ನೆಷ್ಟು ಸಲ ಕೊಲ್ತೀರಿ?” ಅಡುಗೆಮನೆಯಿಂದ ಶಶಿಕಲಾಳ ವಿಚಾರಣೆ.

ಮೂರನೆಯ ದಿನ ಬಲಗೈ ಹೆಬ್ಬೆರಳು ಊದಿತು. ಸಹಿ ಬಾರದವರಿಂದ ಹೆಬ್ಬೆಟ್ಟು ಒತ್ತಿಸುವ ನಾನು, ನನ್ನದೇ ಹೆಬ್ಬೆಟ್ಟಿಗೆ ಬಟ್ಟೆ ಸುತ್ತಿಕೊಂಡು ಮೇಜಿನ ಮುಂದೆ ಕುಳಿತೆ. ಏನಾಯಿತೆಂದು ಬಂದವರೆಲ್ಲ ಕೇಳಿದರು. ಡ್ರ್ಯಾಗನ್ ಎಂದು ಹೇಗೆ ಹೇಳಲಿ? ಬಾಗಿಲಿಗೆ ಸಿಕ್ಕಿತು ಎಂದೆ.

ನಾಲ್ಕನೆಯ ದಿನ ಯಂತ್ರ ಇನ್ನೊಂದು ಪ್ರಶ್ನೆ ಕೇಳಿತು. ಈ ಡ್ರ್ಯಾಗನ್ ಮುಂದೆ ಬೆಂಕಿ ಕಲಿಯಬೇಕೋ, ಮಂಜು ಕಲಿಯಬೇಕೋ? ಬೆಂಕಿಯಿಂದ ಅನಾಹುತವಾದೀತೆಂದು, ಮುನ್ನೆಚ್ಚರಿಕೆಯ ಕ್ರಮವಾಗಿ ಮಂಜು ಆರಿಸಿದೆ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಧನ್ಯಾ ತಲೆಗೆ ಕೈ ಹೊತ್ತಳು.

“ಅಪ್ಪಾ, ಅದನ್ನು ಇನ್ನು ಬದಲಿಸ್ಲಿಕ್ಕೆ ಆಗುವುದಿಲ್ಲ! ಚಿನ್ನುವಿನದ್ದು ಬೆಂಕಿ!”

“ಮೊದಲೇ ಹೇಳಬಾರದಿತ್ತಾ?”

“ನೀವು ಯಾರ ಹತ್ತಿರವಾದ್ರೂ ಕೇಳಿ ಮಾಡುವುದುಂಟಾ?”

ಭಾನುವಾರ ತೋಡಾರಿಗೆ ಹೋದೆ. ಬಾಯಲ್ಲಿ ಹೇಳಲು ಧೈರ್ಯ ಸಾಲದೆ ಲಿಖಿತ ರೂಪದಲ್ಲಿ ಒಯ್ದಿದ್ದೆ. ‘ತಮ್ಮ ಡ್ರ್ಯಾಗನ್ ನನ್ನ ಅಜಾಗರೂಕತೆಯಿಂದ ಒಂದನೇ ಹಂತಕ್ಕೆ ಇಳಿದಿದ್ದು, ನನ್ನ ಸತತ ಪರಿಶ್ರಮದಿಂದ ಈಗ ನಾಲ್ಕನೇ ಹಂತಕ್ಕೆ ಏರಿರುತ್ತದೆ. ಕ್ಷಮಿಸಬೇಕಾಗಿ ಪ್ರಾರ್ಥನೆ.’

ಶ್ರೇಯಾ ಎರಡು ಸಲ ಓದಿದಳು. ಮುಖ ಸಣ್ಣದಾಯಿತು. ತುಟಿ ಕಚ್ಚಿದಳು. ನಾನು ಚಪ್ಪಲಿ ನೋಡುತ್ತಾ ನಿಂತೆ. ಅವಳ ದೃಷ್ಟಿ ನನ್ನ ಹೆಬ್ಬೆರಳಿನ ಬಟ್ಟೆಯ ಮೇಲೆ ಬಿತ್ತು.

“ಮಾವ, ನಾಲ್ಕಕ್ಕೆ ಬರ್ಲಿಕ್ಕೆ ಎಷ್ಟು ದಿನ ಬೇಕಾಯ್ತು?”

“ಐದು ದಿನ, ಮಗಾ.”

“ನನಗೆ ಅರ್ಧ ಗಂಟೆ ಸಾಕು,” ಎಂದಳು. ಕಾಗದ ಮಡಚುತ್ತಾ, “ಧನ್ಯಾಳಿಗೆ ಹೇಳಿ, ಅವಳ ಮೇಲೆ ಕೋಪ ಇಲ್ಲಾಂತ,” ಎಂದಳು.

ನನ್ನ ಮೇಲಿನ ಕೋಪದ ವಿಷಯದಲ್ಲಿ ಏನನ್ನೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. ಅವಳು ಡ್ರ್ಯಾಗನನ್ನು ಪೀಠದ ಮೇಲಿಟ್ಟಳು. ಮಂಜು ಉಗುಳುತ್ತಿದ್ದ ಅದನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟು, “ಬೆಂಕಿ ಬೇಕಾದ್ರೆ ಮೊದಲಿಂದಲೇ ಆಡ್ಬೇಕು,” ಎಂದು ಪಟಪಟನೆ ಗುಂಡಿ ಒತ್ತಿದಳು. ನನ್ನ ಸತತ ಪರಿಶ್ರಮ ಕಣ್ಣೆದುರೇ ಅಳಿಸಿಹೋಯಿತು. ಕೋಳಿಮರಿ ಮತ್ತೆ ನಿಂತು ಆಕಳಿಸಿತು.

ಎರಡು ವರ್ಷ ಕಳೆದುಕೊಂಡ ಮಗು ಅಳಲಿಲ್ಲ. ಐದು ದಿನ ಕಳೆದುಕೊಂಡ ನಾನು ಮಾತ್ರ, ಕಣ್ಣಿಗೇನೋ ಕಸ ಬಿತ್ತೆಂದು ಹೇಳಿ ಅಂಗಳಕ್ಕೆ ಬಂದು ನಿಂತೆ.